ಹಮ್ಮೂ ಕಳಿಸಿದ ನೀರು

ವಲಾತಾ
ಜಮಾದಿಲಾವಲ್ ತಿಂಗಳು, ಹಿಜರಿ ೭೫೫

ಮಗ ಇದ್ದೀರನಿಗೆ, ಅಪ್ಪ ವಗ್ಗಾಗ್ ಮಾಡುವ ಸಲಾಮು.

ಸಾಲು ಡೊಂಕಾಗಿದ್ದರೆ ನಗಬೇಡ. ಕಣ್ಣಿಗೆ ಪೊರೆ ಬಂದು ವರ್ಷವಾಯಿತು, ಆದರೂ ಈ ಪತ್ರವನ್ನು ನಾನೇ ಬರೆಯುತ್ತಿದ್ದೇನೆ. ಅಂದಾಗನ ಕೈಯಲ್ಲಿ ಬರೆಸಿ ಎಂದು ನಿನ್ನ ಅವ್ವ ಹೇಳಿದಳು. ಅವನ ಅಕ್ಷರ ಕಂಡರೆ ನೀನು ಓದದೆಯೇ ಒಲೆಗೆ ಹಾಕುತ್ತೀಯ ಎಂದು ನನಗೆ ಗೊತ್ತಿಲ್ಲವೇ?

ಉತ್ತರದಿಂದ ಬರುವ ಒಂಟೆಸಾಲುಗಳೆಲ್ಲ ಬಂದು ಹೋದವು. ಊರು ಈಗ ಮದುವೆ ಮುಗಿದ ಮನೆಯಂತಿದೆ. ಖರ್ಜೂರದ ನೆರಳಿನಲ್ಲಿ ಹಾಕಿದ ಕಲ್ಲಂಗಡಿ ಈ ಸಲ ಚೆನ್ನಾಗಿ ಬಂದಿದೆ. ನಿನ್ನ ಅತ್ತೆ ತಾಮುತ್ ದಿನಕ್ಕೊಂದು ಒಡೆದು, ನಿನ್ನ ಪಾಲೆಂದು ಒಂದು ಹೋಳು ತೆಗೆದಿಟ್ಟು, ಸಂಜೆಗೆ ಅದನ್ನೂ ತಾನೇ ತಿನ್ನುತ್ತಾಳೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮಾಲಿ ದೊರೆಯ ಅಧಿಕಾರಿ ನನ್ನನ್ನು ಕರೆಸಿದ್ದ. ಚಪ್ಪರದಡಿ ಕೂತು, ಕೈಗೆಟಕುವಷ್ಟು ಹತ್ತಿರದಲ್ಲಿದ್ದ ನನ್ನೊಡನೆ ದುಭಾಷಿಯ ಮೂಲಕವೇ ಮಾತಾಡಿದ. ದೊಡ್ಡವರ ದೊಡ್ಡಸ್ತಿಕೆ ಹಾಗೆ. ಮುದುಕನಿಗೆ ಕಣ್ಣು ಕಾಣುವುದಿಲ್ಲವಂತೆ, ನೀರಿನ ನಗಾರಿ ಇನ್ನು ಯಾರ ಕೈಗೆ ಎಂದು ಕೇಳಿಸಿದ. ನನ್ನ ನಂತರ ನನ್ನ ತಂಗಿ ತಾಮುತಳ ಮಗ ಅಂದಾಗ್ ಎಂದೆ. ಅವನು ತಲೆಯಾಡಿಸಿದ. ಬೇರೆಯವರ ಬಾಯಿಂದ ಕೇಳಿ ನೀನು ನೊಂದುಕೊಳ್ಳಬಾರದೆಂದು ಬರೆದಿದ್ದೇನೆ.

ನೀನು ಚಿಕ್ಕವನಿದ್ದಾಗ ಮಾಡು ಹತ್ತಿ ಆ ನಗಾರಿ ಬಾರಿಸಿದ್ದು ನೆನಪಿದೆಯೇ? ಒಂಟೆಸಾಲು ಬಂತೆಂದು ಇಡೀ ಕೇರಿ ತೊಗಲಚೀಲ ಹೊತ್ತು ಬಾವಿಗೆ ಓಡಿತ್ತು. ನಾನು ಕೋಲು ಹಿಡಿದು ಬಂದಾಗ ನಿನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತವನು ಅಂದಾಗ್. ಅವತ್ತು ಅವನಿಗೆ ಎರಡು ಏಟು ಜಾಸ್ತಿಯೇ ಬಿದ್ದವು.

ಮುಂದಿನ ಹಂಗಾಮಿಗಾದರೂ ಬಂದು ಹೋಗು. ನಾಲ್ಕು ವರ್ಷ ಸಾಕು.

ನಿನ್ನ ಅಪ್ಪ,
ವಗ್ಗಾಗ್


ಸಿಜಿಲ್ಮಾಸಾ
ಶಾಬಾನ್ ತಿಂಗಳು, ೭೫೫

ಅಪ್ಪನಿಗೆ ಸಲಾಮು.

ಪತ್ರ ಬಂತು. ಓದಿದೆ. ಒಲೆಗೆ ಹಾಕಲಿಲ್ಲ.

ನೀವು ನೊಂದುಕೊಳ್ಳಬೇಡ ಎಂದು ಬರೆದಿದ್ದೀರಿ. ಬರೆ ಎಳೆದು, ಅಳಬೇಡ ಎಂದ ಹಾಗಾಯಿತು. ನನ್ನ ಸ್ಥಿತಿಯನ್ನು ನೀವು ಒಮ್ಮೆಯಾದರೂ ಕೂತು ಯೋಚಿಸಿದ್ದೀರಾ? ವಲಾತಾದಲ್ಲಿ ಅಳಿಯಕಟ್ಟು. ನಿಮ್ಮ ಮನೆ, ಒಂಟೆ, ನಗಾರಿ ಎಲ್ಲವೂ ನಿಮ್ಮ ತಂಗಿಯ ಮಗನಿಗೆ. ಸರಿ, ಹಾಗಾದರೆ ನನ್ನ ಸೋದರಮಾವನದ್ದು ನನಗೆ ಬರಬೇಕಲ್ಲ? ಆದರೆ ನೀವು ಮದುವೆಯಾಗಿದ್ದು ಸಿಜಿಲ್ಮಾಸಾದ ಹೆಣ್ಣನ್ನು. ಇಲ್ಲಿ ಝಿಯಾನ್ ಮಾವನ ಅಂಗಡಿ ಅವರ ಗಂಡುಮಕ್ಕಳಿಗೆ. ಅಲ್ಲಿ ಆಸ್ತಿ ಅಳಿಯನಿಗೆ, ನಾನು ಮಗ. ಇಲ್ಲಿ ಆಸ್ತಿ ಮಗನಿಗೆ, ನಾನು ಅಳಿಯ. ಎರಡೂ ಮನೆಯಲ್ಲಿ ನಾನು ಊಟಕ್ಕೆ ಕೂತ ನೆಂಟ.

ಮಾವ ಒಳ್ಳೆಯವರು. ಖರ್ಜೂರ ಎಷ್ಟು ಬೇಕಾದರೂ ತಿನ್ನು ಎನ್ನುತ್ತಾರೆ. ಆದರೆ ಅವರ ಕಿರಿಮಗ ಮೊನ್ನೆ ಗಿರಾಕಿಗಳೆದುರು, "ಇವನು ನಮ್ಮ ಅತ್ತೆ ಮಗ, ಹೀಗೇ ಇರ್ತಾನೆ" ಎಂದು ನನ್ನ ಪರಿಚಯ ಮಾಡಿಕೊಟ್ಟ. ಅವತ್ತು ರಾತ್ರಿ ನನಗೆ ಅನ್ನ ಸೇರಲಿಲ್ಲ.

ಇಲ್ಲಿಯ ಧರ್ಮಪಂಡಿತರೊಬ್ಬರನ್ನು ಕೇಳಿದೆ. ಮಗನಿರುವಾಗ ಅಳಿಯನಿಗೆ ಕೊಡುವುದು ಶಾಸ್ತ್ರವಲ್ಲ ಎಂದರು, ಬರೆದೂ ಕೊಟ್ಟಿದ್ದಾರೆ. ಮುಂದಿನ ಒಂಟೆಸಾಲಿನೊಡನೆ ಆ ಬರಹ ಹಿಡಿದು ಬರುತ್ತೇನೆ. ವಲಾತಾದ ಖಾಜಿಯ ಮುಂದೆ ಇಡುತ್ತೇನೆ. ನಗಾರಿ ಯಾರದ್ದು ಎಂದು ಅವರೇ ಹೇಳಲಿ. ಅಂದಾಗ್ ಭಾವನಿಗೂ ತಿಳಿಸಿಬಿಡಿ, ಬೆನ್ನಿಗೆ ಚೂರಿ ಹಾಕಿದೆ ಎಂದು ಆಮೇಲೆ ಅನ್ನಬಾರದು.

ಅವ್ವನಿಗೆ ನನ್ನ ಸಲಾಮು ಹೇಳಿ.

ಇದ್ದೀರ್


ವಲಾತಾ
ಶವ್ವಾಲ್ ತಿಂಗಳು, ೭೫೫

ಮಗನೇ,

ಬಾ. ಯಾವ ಕಾರಣಕ್ಕಾದರೂ ಸರಿ, ಬಾ. ವ್ಯಾಜ್ಯಕ್ಕೆ ಬರುವ ಮಗನೂ ಬಾಗಿಲಿಂದಲೇ ಒಳಗೆ ಬರಬೇಕಲ್ಲ.

ನಿನ್ನ ಪತ್ರವನ್ನು ಅಂದಾಗನಿಗೇ ಓದಲು ಕೊಟ್ಟೆ. ಅವನು ಓದಿ, ಹೊಸೆಯುತ್ತಿದ್ದ ಒಂಟೆಯ ಮೂಗುದಾರಕ್ಕೆ ಗಂಟು ಹಾಕಿದ. ಆಮೇಲೆ, "ಬರ್ಲಿ ಮಾವ, ಅವನು ಕೇಳೋದ್ರಲ್ಲಿ ತಪ್ಪೇನಿದೆ" ಎಂದು ಎದ್ದು ಹೋದ. ತಾಮುತ್ ಮಾತ್ರ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಿನ್ನ ಅವ್ವನೊಡನೆ ಮಾತಾಡಿದಳು. ಈ ಹೆಂಗಸರ ಲೆಕ್ಕ ನನಗೆ ಎಂದೂ ತಿಳಿದಿಲ್ಲ.

ಒಂದು ಮಾತು ಹೇಳುತ್ತೇನೆ, ಸಿಟ್ಟಿಲ್ಲದೆ ಓದು. ನಮ್ಮ ಮನೆಗೆ ಇರುವುದು ಆಸ್ತಿಯಲ್ಲ, ಕೆಲಸ. ಒಂಟೆಸಾಲು ತಸರಹ್ಲಾದ ಬಾವಿಗೆ ಬಂದಾಗ ತಕ್ಷೀಫನನ್ನು ಮುಂದೆ ಅಟ್ಟುತ್ತಾರೆ. ವ್ಯಾಪಾರಿಗಳ ಪತ್ರಗಳನ್ನು ಹೊತ್ತು ಅವನು ಒಬ್ಬನೇ ಬರುತ್ತಾನೆ. ಅವನು ಬಂದ ಮೇಲೆ ನಗಾರಿ ಬಾರಿಸಿ, ಯಾರಿಗೆ ಎಷ್ಟು ಚೀಲ ನೀರು ಎಂದು ಹಂಚಿ, ಸಾಲಿಗೆ ಎದುರಾಗಿ ಮರಳಿನೊಳಕ್ಕೆ ಕಳಿಸುತ್ತೇವೆ. ಅವನು ಬರುವ ಮೊದಲು ಒಂದು ಚೀಲವೂ ಹೊರಡಕೂಡದು. ನನ್ನ ಅಜ್ಜಿಯ ಅಣ್ಣನ ಕಾಲದಲ್ಲಿ, ಯಾರೋ ಕನಸು ಕಂಡರೆಂದು ಮೊದಲೇ ನೀರು ಹೊರಡಿಸಿದ್ದರು. ಆ ನೀರು ಮರಳಿನಲ್ಲಿ ಆರಿಹೋಯಿತು, ಒಂಟೆಗಳು ದಣಿದು ಮಲಗಿದವು. ಅವು ಏಳುವ ಮೊದಲೇ ನಿಜವಾದ ತಕ್ಷೀಫ್ ಬಂದ. ಕಳಿಸಲು ಏನೂ ಉಳಿದಿರಲಿಲ್ಲ. ಆ ಸಾಲಿನಲ್ಲಿ ಬಂದವರ ಎಲುಬು ಇವತ್ತಿಗೂ ಗಾಳಿ ಬಂದಾಗ ಹೊರಗೆ ಕಾಣುತ್ತದೆ.

ಇಂಥ ನೀರನ್ನು ಹಂಚುವವನು ಸಾಲಿನಲ್ಲಿ ತನ್ನ ಮಗ ಇದ್ದಾನೋ ಇಲ್ಲವೋ ಎಂದು ಇಣುಕಿ ನೋಡುವಂತಿರಬಾರದು. ಅಪ್ಪನ ಪ್ರೀತಿ ಕುರುಡು. ಅಳಿಯನ ಮೇಲಿನ ಪ್ರೀತಿಗೆ ಒಂದು ಕಣ್ಣಾದರೂ ಇರುತ್ತದೆ. ಅದಕ್ಕೇ ನಮ್ಮ ಹಿರಿಯರು ಮಗನನ್ನು ಈ ಕೆಲಸದ ಹೊರಗಿಟ್ಟರು ಎಂದು ನನ್ನ ಎಣಿಕೆ. ನಿನಗಿಂತ ಮೊದಲು ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟು, ಇವನಾದರೂ ಉಳಿಯಲಿ ಎಂದು ನಿನಗೆ ಇದ್ದೀರ್ ಎಂದು ಹೆಸರಿಟ್ಟೆವು. ಬದುಕಿರುವವನು ಎಂದು. ಅಂಥ ಮಗನ ಅಪ್ಪ ನಾನು. ನನ್ನನ್ನೇ ನಾನು ನಂಬುವುದಿಲ್ಲ.

ಮನೆಯ ಕಟ್ಟಳೆ ನಿನಗೂ ಗೊತ್ತು. ಯಜಮಾನ ಬದುಕಿರುವಾಗ, ಅವನ ಮಾತು ಮೀರಿ ಅಳಿಯ ನಗಾರಿ ಬಾರಿಸಿದರೆ ಇಬ್ಬರಲ್ಲಿ ಒಬ್ಬ ಇಳಿಯಬೇಕು. ಹೋದ ಕೆಲಸ ಗೆದ್ದರೆ ಯಜಮಾನ ಕೆಳಗಿಳಿಯಬೇಕು. ಸೋತರೆ ಅಳಿಯ ಊರು ಬಿಡಬೇಕು. ಇದರಲ್ಲಿ ಮಗನ ಹೆಸರೇ ಬರುವುದಿಲ್ಲ. ಖಾಜಿ ಎಲ್ಲಿಂದ ತರುತ್ತಾರೆ?

ಪಾದರಸ ಸವರಿದ ದಾರವನ್ನು ಕೊರಳಿಗೆ ಕಟ್ಟಿಕೊಂಡೇ ಹೊರಡಬೇಕಂತೆ, ಇಲ್ಲದಿದ್ದರೆ ಹೇನು ಜೀವ ತಿನ್ನುತ್ತವೆ. ಇದು ನಿನ್ನ ಅವ್ವ ಫಾನೂಳ ಮಾತು. ಮೂರು ಸಲ ಹೇಳಿ ಬರೆಸಿದ್ದಾಳೆ.

ಅಪ್ಪ


ತಗಾಝಾ
ಸಫರ್ ತಿಂಗಳು, ೭೫೬

ಅಪ್ಪನಿಗೆ,

ತಗಾಝಾದವರೆಗೆ ಬಂದೆವು. ಉಪ್ಪಿನ ಗೋಡೆ, ಒಂಟೆತೊಗಲಿನ ಮಾಡು, ನೊಣ. ನೀರೂ ಉಪ್ಪೇ. ಅವ್ವನಿಗೆ ಹೇಳಿ, ದಾರ ಕಟ್ಟಿಕೊಂಡಿದ್ದೇನೆ. ಪಕ್ಕದಲ್ಲಿ ಮಲಗುವವನು ಕಟ್ಟಿಕೊಂಡಿಲ್ಲ, ಅವನ ಹೇನು ನನ್ನ ದಾರವನ್ನು ನೋಡಿ ನಗುತ್ತವೆ.

ನಿಮ್ಮ ಪತ್ರವನ್ನು ದಾರಿಯುದ್ದಕ್ಕೂ ಓದಿದೆ. ಕುರುಡು ಪ್ರೀತಿ ಎಂದು ಬರೆದಿದ್ದೀರಿ. ನಾನು ಮನೆ ಬಿಟ್ಟು ಹೊರಟ ದಿನ ನೀವು ಬಾವಿಯ ಹತ್ತಿರ ಹಗ್ಗ ನೋಡುತ್ತಾ ನಿಂತಿದ್ದಿರಿ. ತಿರುಗಲಿಲ್ಲ. ಆ ಪ್ರೀತಿ ಕುರುಡಷ್ಟೇ ಅಲ್ಲ, ಮೂಕವೂ ಇರಬೇಕು.

ನಾಲ್ಕೇ ಜನ ಉಪ್ಪಿನವರು ಹಗುರ ಹೊರೆಯಲ್ಲಿ ಇವತ್ತೇ ಹೊರಡುತ್ತಿದ್ದಾರೆ. ಕುಡಿಯುವ ನೀರನ್ನು ತಾವೇ ಹೊರುತ್ತಾರೆ. ಈ ಪತ್ರ ಅವರ ಕೈಯಲ್ಲಿ ಬರುತ್ತದೆ. ಹೊಸ ಚಂದ್ರ ಕಂಡ ಮೇಲೆ ನಮ್ಮ ದೊಡ್ಡ ಸಾಲು ಹೊರಡುತ್ತದೆ. ಈ ಸಲದ ತಕ್ಷೀಫ್ ನಮ್ಮ ವಲಾತಾದವನೇ, ಸೆಲ್ಲುಂ ಎಂಬವನು, ಇನ್ನೂ ಹುಡುಗುಮೀಸೆ, ಆದರೆ ಬಹಳ ಗಟ್ಟಿಗ ಎನ್ನುತ್ತಾರೆ.

ಒಂದು ವಿಷಯ ಸ್ಪಷ್ಟವಾಗಿರಲಿ. ತಸರಹ್ಲಾದಲ್ಲಿ ಎಲ್ಲರೂ ನೀರಿಗಾಗಿ ವಲಾತಾದ ತಂತಮ್ಮ ನಂಟರಿಗೆ ಪತ್ರ ಬರೆಯುತ್ತಾರೆ. ನಾನು ನಮ್ಮ ಮನೆಗೆ ಬರೆಯುವುದಿಲ್ಲ. ಬಟ್ಟೆ ವ್ಯಾಪಾರಿ ಹಮ್ಮೂಗೆ ಬರೆಯುತ್ತೇನೆ. ಅವನು ಝಿಯಾನ್ ಮಾವನ ಕಡೆಯವನು, ಎರಡು ಚೀಲ ಕಳಿಸಿದರೆ ನನಗೆ ಸಾಕು. ಯಾರ ಮೇಲೆ ದಾವೆ ಹೂಡಲು ಬರುತ್ತಿದ್ದೇನೋ ಅವರ ನೀರು ಕುಡಿದು ಬರಲಾರೆ. ಅಂದಾಗ್ ಭಾವ ನನ್ನ ಲೆಕ್ಕಕ್ಕೆ ಒಂದು ಹನಿಯನ್ನೂ ಹೇರುವುದು ಬೇಡ.

ಇದ್ದೀರ್


ವಲಾತಾ
ರಬಿಯುಲಾವಲ್ ತಿಂಗಳ ಕೊನೆ, ೭೫೬

ಇದ್ದೀರ್, ನನ್ನ ಕಂದ,

ಈ ಪತ್ರ ನಿನ್ನ ಕೈ ಸೇರುತ್ತದೋ, ಅಥವಾ ಒಯ್ದವರೇ ನನಗೆ ವಾಪಸು ಕೊಡುತ್ತಾರೋ ತಿಳಿಯದು. ಬರೆಯದೆ ಕೂತಿರಲು ಆಗುತ್ತಿಲ್ಲ.

ತಕ್ಷೀಫ್ ಬರಲಿಲ್ಲ.

ಉಪ್ಪಿನವರು ಬಂದು, ನಿಮ್ಮ ಸಾಲು ಹೊಸ ಚಂದ್ರಕ್ಕೆ ಹೊರಟಿರಬೇಕು ಎಂದರು. ಅಲ್ಲಿಂದ ನಾವೆಲ್ಲ ಉತ್ತರಕ್ಕೆ ಮುಖ ಮಾಡಿ ಕೂತಿದ್ದೇವೆ. ಬರಬೇಕಾದ ದಿನ ಬಂತು, ಹೋಯಿತು. ಹಮ್ಮೂ ದಿನಾ ಬೆಳಿಗ್ಗೆ ಬಂದು ಸೆಲ್ಲುಂ ಬಂದನೇ ಎಂದು ಕೇಳಿ, ಬಾಗಿಲಲ್ಲೇ ನಿಂತು, ಹೋಗುತ್ತಾನೆ. ಒಂಟಿಯಾಗಿ ಬರುವವನನ್ನು ಮರಳಿನ ಭೂತಗಳು ಆಟವಾಡಿಸಿ ದಾರಿ ತಪ್ಪಿಸುತ್ತವೆ ಎಂದು ಹೆಂಗಸರು ಮಾತಾಡಿಕೊಂಡರು. ಸೆಲ್ಲುಂನ ತಾಯಿ ನಮ್ಮ ಬಾವಿಗೆ ನೀರಿಗೆ ಬರುವುದನ್ನೇ ಬಿಟ್ಟಳು.

ಬಂದರೂ ಬರಬಹುದು, ಸಾಲು ತಗಾಝಾದಲ್ಲೇ ತಡೆದಿರಬಹುದು, ಬಾವಿಯ ಹತ್ತಿರ ಗಾಳಿಗೆ ಸಿಕ್ಕಿರಬಹುದು. ಈಗ ನೀರು ಹೊರಡಿಸಿ, ಅದು ಆರಿಹೋಗಿ, ನಾಳೆ ಸೆಲ್ಲುಂ ಬಂದು ನಿಂತರೆ? ನಾನು ಕೇರಿಯವರನ್ನೆಲ್ಲ ಕೂಡಿಸಿ, ಕಾಯೋಣ ಎಂದೆ. ಬೇರೆ ಯಾರದೋ ಮಗ ಆ ಸಾಲಿನಲ್ಲಿದ್ದಿದ್ದರೆ ನಾನು ಏನೆನ್ನುತ್ತಿದ್ದೆ ಎಂದು ನನ್ನನ್ನೇ ಕೇಳಿಕೊಂಡೆ. ಕಾಯೋಣ ಎನ್ನುತ್ತಿದ್ದೆ ಅನ್ನಿಸಿತು. ಹೊರಡಿ ಎನ್ನುತ್ತಿದ್ದೆ ಎಂದೂ ಅನ್ನಿಸಿತು. ಮಗನೇ, ನನಗೆ ಯಾವುದೂ ತಿಳಿಯದಾಯಿತು. ಹೊರಡಿ ಎಂದು ನಾಲಿಗೆಯ ತುದಿಗೆ ಬಂದಾಗಲೆಲ್ಲ, ಮುದುಕ ತನ್ನ ಮಗನಿಗಾಗಿ ಊರಿನ ನೀರು ಚೆಲ್ಲಿದ ಎಂಬ ಮಾತು ಕಿವಿಯಲ್ಲಿ ಕೇಳುತ್ತಿತ್ತು.  ನಿನ್ನ ಅವ್ವ ಸಜ್ಜೆ ಬೀಸುತ್ತಲೇ ಇದ್ದಳು, ಯಾರೂ ಉಣ್ಣದ ಸಜ್ಜೆ.

ತಾಮುತ್ ಸಭೆಯಲ್ಲೇ ಎದ್ದು ನಿಂತಳು. "ಮಗ ಸತ್ರೆ ಅಳಿಯನ ದಾರಿ ಸಲೀಸು ಅಂತ ನಾಳೆ ಊರು ಆಡ್ಕೊಳುತ್ತೆ. ಆ ಮಾತು ನನ್ನ ಮಗನ ತಲೆ ಮೇಲೆ ಬರೋದು ಬೇಡ, ಅಣ್ಣಾ" ಎಂದಳು. 

ಆಗ ಅಂದಾಗ್ ನನ್ನ ಮುಂದೆ ಬಂದು ಕೂತ. ನಿನ್ನ ತಗಾಝಾದ ಪತ್ರ ಅವನ ಕೈಯಲ್ಲಿತ್ತು. ಅವನು ಎತ್ತರದ ದನಿಯಲ್ಲಿ ಮಾತಾಡಲಿಲ್ಲ.

"ಮಾವ, ನೀವು ಅವನ ಅಪ್ಪ ಆಗಿರೋದ್ರಿಂದ ಏಳೋಕಾಗ್ತಿಲ್ಲ. ನಾನು ಅವನ ಅಪ್ಪ ಅಲ್ಲ. ನಾನು ಏಳಬಹುದು."

ಬೇಡ ಎಂದೆ. ಯಜಮಾನನಾಗಿ ಹೇಳಲೇಬೇಕಿತ್ತು, ಹೇಳಿದೆ. ಸೋತರೆ ಊರು ಬಿಡಬೇಕಾಗುತ್ತದೆ ಎಂದೂ ಹೇಳಿದೆ. "ಬಿಟ್ರಾಯ್ತು" ಎಂದು ಮಾಡು ಹತ್ತಿದ. ನಗಾರಿ ಮೊಳಗಿತು. ನಲವತ್ತು ವರ್ಷ ನಾನೇ ಬಾರಿಸಿದ ನಗಾರಿ, ನಿನ್ನ ಆ ಹುಡುಗಾಟವೊಂದು ಬಿಟ್ಟರೆ ಕೆಳಗೆ ಕೂತು ಕೇಳಿದ್ದು ಇದೇ ಮೊದಲು. ಇಡೀ ಕೇರಿ ಬಾವಿಗೆ ಓಡಿತು. ನೀನು ಚಿಕ್ಕವನಿದ್ದಾಗ ಓಡಿದ ಹಾಗೆಯೇ.

ಚೀಲ ಹೇರುವಾಗ ಅವನು ನಿನ್ನ ಪತ್ರವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದ. ನನ್ನ ಲೆಕ್ಕಕ್ಕೆ ಒಂದು ಹನಿಯೂ ಬೇಡ ಎಂಬ ಸಾಲು ಬಂದಾಗ ನಕ್ಕ. "ಅವನ ಚೀಲಾನೇ ಮೊದ್ಲು ತುಂಬ್ರಪ್ಪ" ಎಂದ. ಹಮ್ಮೂ ತನ್ನ ಎರಡು ಒಂಟೆಗಳನ್ನೂ ತಂದು ಕಟ್ಟಿದ.

ನೀನು ಹೊರಟ ದಿನ ನಾನು ಬಾವಿಯ ಹಗ್ಗ ನೋಡುತ್ತಿದ್ದೆ ಎಂದು ಬರೆದಿದ್ದೀಯ. ಹೌದು. ತಿರುಗಿದ್ದರೆ ಹೋಗಬೇಡ ಎಂದು ಕಾಲಿಗೆ ಬೀಳುತ್ತಿದ್ದೆ. ಇರು ಎನ್ನಲು ನಿನಗೆ ಕೊಡುವಂಥದ್ದು ನನ್ನ ಹತ್ತಿರ ಏನಿತ್ತು?

ನೀನು ಬದುಕಿ ಬಂದರೆ ನಾನು ಯಜಮಾನಿಕೆಯಿಂದ ಇಳಿಯಬೇಕು. ಇಷ್ಟು ಆಸೆಯಿಂದ ಇಳಿಯಲು ಕಾದು ಕೂತ ಯಜಮಾನ ಈ ಮನೆಯಲ್ಲಿ ಹಿಂದೆ ಇರಲಿಲ್ಲ. ಅಂದಾಗ್ ಹೊರಡುತ್ತಿದ್ದಾನೆ, ಈ ಪತ್ರವನ್ನು ಅವನ ಕೈಗೇ ಕೊಡುತ್ತಿದ್ದೇನೆ.

ಬದುಕಿರು.

ಅಪ್ಪ


ವಲಾತಾ
ರಬಿಯುಲಾಖಿರ್ ತಿಂಗಳು, ೭೫೬

ಝಿಯಾನ್ ಮಾವನಿಗೆ, ಅಳಿಯ ಇದ್ದೀರ್ ಮಾಡುವ ಸಲಾಮು.

ನಾನು ಬದುಕಿದ್ದೇನೆ. ಸುದ್ದಿ ನಿಮಗೆ ಅಡ್ಡಾದಿಡ್ಡಿಯಾಗಿ ತಲುಪಿರಬಹುದು, ಅದಕ್ಕೆ ಬರೆಯುತ್ತಿದ್ದೇನೆ.

ಸೆಲ್ಲುಂನನ್ನು ಕಳಿಸಿ ನಾವು ನಿಶ್ಚಿಂತೆಯಿಂದ ಹೊರಟೆವು. ನೀರು ಎದುರಿಗೆ ಬರುತ್ತದೆ ಎಂದು ಧಾರಾಳವಾಗಿಯೇ ಕುಡಿದೆವು. ನೀರು ಸಿಗಬೇಕಾದ ಜಾಗ ಬಂತು, ಅಲ್ಲಿ ಮರಳು ಬಿಟ್ಟು ಏನೂ ಇರಲಿಲ್ಲ. ಆಮೇಲೆ ಯಾರೂ ಮಾತಾಡಲಿಲ್ಲ. ಮಾತಾಡಿದರೆ ಬಾಯಿ ಒಣಗುತ್ತದೆ. ಒಂಟೆಯೊಂದನ್ನು ಕೊಯ್ದು ಅದರ ಹೊಟ್ಟೆಯ ನೀರನ್ನು ಬಟ್ಟೆಯಲ್ಲಿ ಹಿಂಡಿ ಕುಡಿದೆವು. ಆ ವಾಸನೆ ಈಗಲೂ ಮೂಗಿನಲ್ಲಿದೆ. ಮುದುಕ ವ್ಯಾಪಾರಿಯೊಬ್ಬ ತಾಮ್ರದ ಹೊರೆಯನ್ನು ಒರಗಿ ಕೂತವನು ಏಳಲಿಲ್ಲ.

ಪಂಡಿತರ ಬರಹ ನನ್ನ ಎದೆಯ ಮೇಲೇ ಇತ್ತು, ಮಾವ. ನಗಾರಿ ನನ್ನದು ಎಂದು ಬರೆದ ಕಾಗದ. ಅದು ನನ್ನದೇ ಆಗಿದ್ದರೆ ಅದನ್ನು ಬಾರಿಸಬೇಕಾದವನು ನಾನು, ಮತ್ತು ನಾನು ಇಲ್ಲಿ ಮರಳಿನಲ್ಲಿ ಬಿದ್ದಿದ್ದೇನೆ ಎಂದುಕೊಂಡೆ. ನಗು ಬಂತು. ಜ್ವರದ ನಗು.

ಧೂಳು ಕಂಡಾಗ ನಾನು ನಂಬಲಿಲ್ಲ. ಮುಂದಿನ ಒಂಟೆಯಿಂದ ಇಳಿದವನು ಮುಸುಕು ಸರಿಸಿದಾಗ ಅಂದಾಗ್ ಭಾವ. ಇಷ್ಟು ವರ್ಷದಲ್ಲಿ ಗಡ್ಡ ಬೆಳ್ಳಗಾಗಿದೆ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೀಲದ ಬಾಯಿ ಬಿಚ್ಚಿದ. ಅಷ್ಟಾದರೂ ನನ್ನ ಹಲ್ಲು ತೆರೆಯಲಿಲ್ಲ. ಬೇಕೆಂದೇ ಕಚ್ಚಿದ್ದೆನೋ, ಒಣಗಿ ಅಂಟಿತ್ತೋ, ನನಗೇ ತಿಳಿಯದು. ಅವನು ನನ್ನ ಕಿವಿಯ ಹತ್ತಿರ ಬಗ್ಗಿದ.

"ಇದು ಹಮ್ಮೂ ಕಳಿಸಿದ ನೀರು ಕಣೋ. ನಮ್ಮನೇದಲ್ಲ. ಧೈರ್ಯವಾಗಿ ಕುಡಿ."

ಕುಡಿದೆ. ಕುಡಿಯುತ್ತಾ ಚೀಲದ ಹೊಲಿಗೆ ನೋಡಿದೆ. ಅದು ತಾಮುತ್ ಅತ್ತೆಯ ಹೊಲಿಗೆ. ಅವಳ ಹಾಗೆ ಕೊನೆಗೆ ಎರಡು ಗಂಟು ಹಾಕುವವರು ವಲಾತಾದಲ್ಲಿ ಇನ್ನೊಬ್ಬರಿಲ್ಲ. ಅವನಿಗೂ ಗೊತ್ತು, ನನಗೆ ಗೊತ್ತಾಗುತ್ತದೆಂದು.  ನಾನು ಅತ್ತುಬಿಟ್ಟೆ, ಮಾವ. ಅಳಲು ಮೈಯಲ್ಲಿ ನೀರಿರಲಿಲ್ಲ, ಆದರೂ ಅತ್ತುಬಿಟ್ಟೆ.

ಬರುವ ದಾರಿಯಲ್ಲಿ ಸೆಲ್ಲುಂನ ಒಂಟೆ ಸಿಕ್ಕಿತು. ಅವನು ಸಿಗಲಿಲ್ಲ.

ಅಪ್ಪ ಇಳಿದರು. ಕೇರಿಯವರೆದುರು ನಗಾರಿಯ ಕೋಲನ್ನು ಭಾವನ ಕೈಗಿಟ್ಟು, ನನ್ನ ಕಡೆ ತಿರುಗಿ, ನಿನ್ನ ದಾವೆಯೇನಾದರೂ ಇದ್ದರೆ ಈಗಲೇ ಹೇಳು ಎಂದರು. ಇದೆ ಎಂದೆ.  ಅತ್ತೆ ದಿನಾ ನನ್ನ ಪಾಲಿನ ಕಲ್ಲಂಗಡಿ ತಿಂದದ್ದಕ್ಕೆ ನ್ಯಾಯ ಬೇಕು ಎಂದೆ. ಅತ್ತೆ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಅವ್ವ ಆವತ್ತು ಸಜ್ಜೆಯ ಗಂಜಿಗೆ ಜೇನು ಹಾಕಿ, ಇಡೀ ಕೇರಿಗೆ ಸೋರೆಬುರುಡೆಗಳಲ್ಲಿ ಬಡಿಸಿದಳು.

ನಾನು ಅಂಗಡಿಗೆ ಮರಳುವುದಿಲ್ಲ. ಇಷ್ಟು ದಿನ ಇಟ್ಟುಕೊಂಡಿರಿ, ನಿಮ್ಮ ಋಣ ದೊಡ್ಡದು. ಇಲ್ಲಿ ಮಗನಿಗೆ ಆಸ್ತಿಯಿಲ್ಲ, ಆದರೆ ಒಂದು ಕೆಲಸ ಖಾಲಿಯಾಗಿದೆ. ಮೊನ್ನೆ ಸೆಲ್ಲುಂನ ತಾಯಿಯ ಮನೆಗೆ ಹೋಗಿ ಅವನ ಒಂಟೆಯನ್ನು ಕೇಳಿ ತಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಿಮ್ಮ ಅಳಿಯ,
ಇದ್ದೀರ್


ತಸರಹ್ಲಾದ ಬಾವಿ
ರಬಿಯುಲಾವಲ್ ತಿಂಗಳು, ೭೫೭

ವಲಾತಾದ ಯಜಮಾನ ಅಂದಾಗನಿಗೆ,

ಒಂಟೆಸಾಲು ಕ್ಷೇಮ. ಬಾವಿಯಲ್ಲಿ ನೀರು ಚೆನ್ನಾಗಿದೆ. ವ್ಯಾಪಾರಿಗಳೆಲ್ಲ ಪತ್ರ ಬರೆದು ಮುಗಿಸಿದರು, ಚೀಲ ಕಟ್ಟಿದ್ದೇನೆ. ಬಿಸಿಲು ಇಳಿದ ಕೂಡಲೇ ನಾನು ಒಬ್ಬನೇ ಮುಂದೆ ಹೊರಡುತ್ತೇನೆ. ತಕ್ಷೀಫ್ ತನಗಾಗಿ ಪತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಆದರೂ ಬರೆಯುತ್ತಿದ್ದೇನೆ. ಈ ಸಲ ನೀರಿಗೆ ನಾನು ನಮ್ಮ ಮನೆಗೇ ಬರೆಯುತ್ತಿದ್ದೇನೆ, ಭಾವ.

ನಾನು ವಲಾತಾದಿಂದ ಹೊರಡುವಾಗ ಅಪ್ಪ ನಮ್ಮ ಬಾವಿಯ ಹತ್ತಿರ ನಿಂತಿದ್ದರು. ಈ ಸಲ ತಿರುಗಿ ನೋಡಿದರು. ಅವರ ಕಣ್ಣಿಗೆ ನಾನು ಕಂಡಿರಲಾರೆ, ನಾನಿದ್ದ ಕಡೆಗಲ್ಲ, ಪಕ್ಕದಲ್ಲಿದ್ದ ಕತ್ತೆಯ ಕಡೆಗೆ ಕೈಯೆತ್ತಿದರು. ನನಗೆ ಅಷ್ಟೇ ಸಾಕಾಯಿತು.

ಈ ಪತ್ರವನ್ನು ನಾನೇ ನಿನ್ನ ಕೈಗೆ ಕೊಟ್ಟರೆ ಓದಿ ನಗು. ಇದು ಬರದೇ ಹೋದರೂ ಸಾಲಿನವರು ಹೆದರಬೇಕಾಗಿಲ್ಲ ಎಂದು ಅವರಿಗೆ ಹೇಳಿ ಹೊರಡುತ್ತಿದ್ದೇನೆ. ತಕ್ಷೀಫ್ ಬರದಿದ್ದರೂ ನೀರು ಕಳಿಸುವ ಯಜಮಾನ ವಲಾತಾದಲ್ಲಿದ್ದಾನೆ ಎಂದೆ. ಅವನು ನಿಮಗೇನಾಗಬೇಕು ಎಂದು ಕೇಳಿದರು.

ನಮ್ಮ ಅತ್ತೆ ಮಗ, ಹಾಗೇ ಇರ್ತಾನೆ ಎಂದೆ.

ಇದ್ದೀರ್